ನಲವತ್ತು ಕೋಟಿ ಡಾಲರಿನ ವಾಕ್ಯ

ಆ ವಾಕ್ಯ ತನ್ನದಲ್ಲ ಎಂದು ಕಾಲಿಯಾ ಲೋರ್‌ಗೆ ಓದಿದ ಕೂಡಲೇ ತಿಳಿಯಿತು.

ಸ್ಯಾಕ್ರಮೆಂಟೋದ ಒಂದು ಮುದ್ರಣಾಲಯ. ಆಗಸ್ಟ್ ತಿಂಗಳ ಬೆಳಗ್ಗೆ ಒಂಬತ್ತು ಗಂಟೆ. ಕಿಟಕಿಯಾಚೆ ಟೊಮ್ಯಾಟೊ ತುಂಬಿದ ಲಾರಿಗಳು ಬಿಸಿಲಿನ ಝಳದಲ್ಲಿ ಸದ್ದಿಲ್ಲದೆ ತೇಲಿಹೋಗುತ್ತಿದ್ದವು. ಕೋಷ್ಟಕ ಪುಟಕ್ಕೆ ಹಿಡಿಸುತ್ತಿಲ್ಲ ಎಂದು ಫೋರ್‌ಮನ್ ಕರೆಸಿದ್ದ. ಇಲ್ಲದಿದ್ದರೆ ಅವಳು ಈ ಕರಡನ್ನು ನೋಡುತ್ತಲೇ ಇರಲಿಲ್ಲ.

‘ಒಳಗಿರುವ ಮೂರು ಸಾವಿರ ವೃದ್ಧರು ಹೊರಬಂದರೆ ರಾಜ್ಯಕ್ಕೆ ವರ್ಷಕ್ಕೆ ನಲವತ್ತು ಕೋಟಿ ಡಾಲರ್ ಉಳಿಯುತ್ತದೆ.’

ಅವಳು ಬರೆದದ್ದು ನಾಲ್ಕು ಕೋಟಿ.

ಎಪ್ಪತ್ತು ದಾಟಿದ ಕೈದಿಗಳನ್ನು ಮನೆಗೆ ಕಳಿಸಬೇಕೇ ಬೇಡವೇ ಎಂದು ನವೆಂಬರಿನಲ್ಲಿ ಜನರೇ ಮತ ಹಾಕಿ ತೀರ್ಮಾನಿಸುವವರಿದ್ದರು. ಮತದಾರರಿಗೆ ಹಂಚುವ ಕೈಪಿಡಿಯಲ್ಲಿ, ಅದರಿಂದ ಸರ್ಕಾರದ ಬೊಕ್ಕಸಕ್ಕೆ ಏನಾಗುತ್ತದೆಂದು ಹೇಳುವ ಪುಟ ಕಾಲಿಯಾಳದು. ಸಂಜೆ ಐದಕ್ಕೆ ಯಂತ್ರ ಶುರುವಾದರೆ, ಎರಡು ಕೋಟಿ ಮತದಾರರ ಕೈಗೆ ಸುಳ್ಳು ಸೇರುತ್ತಿತ್ತು.

“ಈ ಪುಟ ತಡೀರಿ,” ಎಂದಳು. ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು.

* * *

ಅವಳು ಕೆಲಸ ಮಾಡುವ ಸರ್ಕಾರಿ ಲೆಕ್ಕದ ಕಚೇರಿಯ ಮುಖ್ಯಸ್ಥ ಪ್ರೀವಿಟ್ ಬಾಗಿಲು ಮುಚ್ಚಿದ.

“ಫೈಲ್ ತಿದ್ದಿರೋದು ಮಂಗಳವಾರ ಮಧ್ಯಾಹ್ನ ಒಂದೂ ಹತ್ತಕ್ಕೆ. ನಿಮ್ಮ ಕಂಪ್ಯೂಟರಿಂದ.”

“ನಾನು ಊಟಕ್ಕೆ ಹೋಗಿದ್ದೆ ಸರ್. ಕಂಪ್ಯೂಟರ್ ಹಾಗೇ ಬಿಟ್ಟಿದ್ದೆ.”

“ನಾನು ನಂಬ್ತೀನಿ. ಪತ್ರಿಕೆಯವರು ನಂಬ್ತಾರಾ? ಹದಿನಾಲ್ಕು ವರ್ಷದ ನಿಮ್ಮ ಹೆಸರು ಒಂದೇ ದಿನಕ್ಕೆ ಮುಗಿಯುತ್ತೆ.”

“ಐದು ಗಂಟೆವರೆಗೆ ಟೈಮ್ ಕೊಡಿ.”

ಮಂಗಳವಾರ ಹೊರಗಿನಿಂದ ಬಂದಿದ್ದವನು ಒಬ್ಬನೇ. ಬ್ರ್ಯಾಂಟ್ ಒಚೋವಾ. ಹಿಂದೆ ಅವಳ ಪಕ್ಕದ ಮೇಜಿನವನು, ಈಗ ಈ ಬಿಡುಗಡೆಯ ಪ್ರಸ್ತಾವದ ಪರ ಪ್ರಚಾರ ಮಾಡುವವನು. ಹಳೆಯ ಗೆಳೆಯರಿಗೆಂದು ಗುಲಾಬಿ ಬಣ್ಣದ ಡಬ್ಬಿಯಲ್ಲಿ ಡೋನಟ್ ತಂದಿದ್ದ.

* * *

ಬ್ರ್ಯಾಂಟ್ ನದಿಯ ಪಕ್ಕದ ಕಚೇರಿಯಲ್ಲಿ ಸಿಕ್ಕಿದ. ವಾಕ್ಯ ಓದಿ ನಕ್ಕುಬಿಟ್ಟ.

“ನಲವತ್ತು ಕೋಟಿ! ಯಾರೋ, ಒಬ್ಬ ಕೈದಿಗಾಗೋ ವರ್ಷದ ಪೂರ್ತಿ ಖರ್ಚು ತಗೊಂಡು ಮೂರು ಸಾವಿರದಿಂದ ಗುಣಿಸಿದಾರೆ.”

“ನೀನಲ್ವಾ?”

“ಮಾರಾಯ್ತಿ, ಆ ಪಾಠ ಕಲಿಸಿದ್ದೇ ನೀನು! ಒಬ್ಬ ಮುದುಕ ಹೋದ ಅಂತ ಕಾವಲುಗಾರನ ಸಂಬಳ ನಿಲ್ಲುತ್ತಾ? ಗೋಡೆ ಚಿಕ್ಕದಾಗುತ್ತಾ? ಉಳಿಯೋದು ಅವನ ಊಟ, ಬಟ್ಟೆ, ಮಾತ್ರೆ ಅಷ್ಟೆ. ಇದು ಅಚ್ಚಾದ್ರೆ ಎದುರಿನವರು ಕೋರ್ಟಿಗೆ ಹೋಗಿ ಪ್ರಸ್ತಾವವನ್ನೇ ಹೊಡೆದುಹಾಕಿಸ್ತಾರೆ. ನನ್ನ ಕಾಲಿಗೆ ನಾನೇ ಕೊಡಲಿ ಹಾಕ್ಕೊಳ್ಲಾ?”

ಅವನ ಮಾತಿನಲ್ಲಿ ಹುರುಳಿತ್ತು. ಲೆಕ್ಕ ಬಲ್ಲವರು ಈ ತಪ್ಪು ಮಾಡುವುದಿಲ್ಲ.

ಹಾಗಾದರೆ ಲೆಕ್ಕ ಬಾರದವರು. ಆದರೆ ವಾಕ್ಯ ಬರೆಯಲು ಚೆನ್ನಾಗಿ ಬಲ್ಲವರು.

ಅವಳು ನದಿಯ ದಂಡೆಯಲ್ಲಿ ನಿಂತು ಮತ್ತೆ ಓದಿದಳು. ನೀರು ಹಸಿರಾಗಿ, ಆತುರವಿಲ್ಲದೆ ಹರಿಯುತ್ತಿತ್ತು. ಒಂದು ಬೆಳ್ಳಕ್ಕಿ ಒಂಟಿಕಾಲಿನಲ್ಲಿ ನಿದ್ದೆ ಹೋದಂತಿತ್ತು. ‘ಒಳಗಿರುವ.’ ಅವಳ ಕಚೇರಿಯಲ್ಲಿ ಯಾರೂ ಹಾಗೆ ಬರೆಯುವುದಿಲ್ಲ. ಅಲ್ಲಿ ಎಲ್ಲರೂ ಬರೆಯುವುದು ‘ಕೈದಿ’ ಎಂದೇ. ‘ಒಳಗೆ’ ಅನ್ನುವವರು ಬೇರೆ. ಜೈಲಿನ ಗೇಟಿನ ಮುಂದೆ ಸಾಲು ನಿಲ್ಲುವವರು.

ಆ ಸಾಲುಗಳನ್ನು ಅವಳು ಕೆಲಸದ ಮೇಲೆ ಹೋದಾಗ ನೋಡಿದ್ದಳು. ಎಲ್ಲರ ಕೈಯಲ್ಲೂ ಪಾರದರ್ಶಕ ಪ್ಲಾಸ್ಟಿಕ್ ಚೀಲ, ಅದರಲ್ಲಿ ತಿಂಡಿ ಯಂತ್ರಕ್ಕೆ ಹಾಕುವ ಚಿಲ್ಲರೆ. ಅಂಥದ್ದೇ ಚೀಲ ಪ್ರತಿ ಶುಕ್ರವಾರ ಕಚೇರಿಯ ಒಂದು ಮೇಜಿನ ಮೇಲಿರುತ್ತಿತ್ತು. ಬಟ್ಟೆ ಒಗೆಯಲು ಚಿಲ್ಲರೆ ಎಂದು ಆ ಮೇಜಿನವರು ಹೇಳುತ್ತಿದ್ದರು.

ಅವರ ಮನೆಯಲ್ಲಿ ಸ್ವಂತ ಒಗೆಯುವ ಯಂತ್ರವಿದೆ. ಕಾಲಿಯಾ ಆ ಮನೆಯಲ್ಲಿ ಊಟ ಮಾಡಿದ್ದಳು.

* * *

ಇಲ್ಡಾ ಫಾಗುಂಡೆಸ್ ಉದ್ಯಾನದ ಕಿತ್ತಳೆ ಮರದಡಿ ಬುತ್ತಿ ಬಿಚ್ಚಿದ್ದರು. ಅರವತ್ಮೂರು ವರ್ಷ. ಮೂವತ್ತು ವರ್ಷದಿಂದ ಕಚೇರಿಯ ಪ್ರತಿ ಪುಟ ತಿದ್ದಿದವರು, ಅಚ್ಚಿಗೆ ಹೋಗುವ ಮುನ್ನ ಕೊನೆಯದಾಗಿ ಓದುವವರು. ಹುಲ್ಲಿಗೆ ಹಾರುವ ನೀರಿನ ತುಂತುರಿನಲ್ಲಿ ಸಣ್ಣ ಕಾಮನಬಿಲ್ಲೊಂದು ಮೂಡಿ ಮಾಯವಾಗುತ್ತಿತ್ತು.

“ಕೂತ್ಕೋ. ಸಿಹಿ ಬ್ರೆಡ್ ಇದೆ.”

“ಒಳಗಿರೋದು ಯಾರು, ಇಲ್ಡಾ?”

ಇಲ್ಡಾ ಬುತ್ತಿಯ ಮುಚ್ಚಳ ಹಾಕಿದರು.

“ಹೇಗೆ ಗೊತ್ತಾಯ್ತು?”

“ಲೆಕ್ಕ ತಪ್ಪು, ವಾಕ್ಯ ಚೊಕ್ಕ. ಮಂಗಳವಾರ ನಾನು ಊಟಕ್ಕೆ ಹೋದಾಗ ಮೇಜು ಬಿಟ್ಟು ಏಳದೆ ಉಳಿದಿದ್ದೋರು ನೀವೊಬ್ರೇ. ಮತ್ತೆ ಆ ಚಿಲ್ಲರೆ ಚೀಲ. ಕೊನೇಗೆ ಆ ಒಂದು ಪದ. ಬೇರೆಯವರು ಬರೆದಿದ್ರೆ ನೀವೇ ಹೊಡೆದುಹಾಕ್ತಿದ್ರಿ.”

“ಮೂವತ್ತು ವರ್ಷ ಹೊಡೆದುಹಾಕಿದೀನಿ,” ಎಂದರು ಇಲ್ಡಾ. “ನನ್ನಣ್ಣ ಅಡೆಲೀನೊ. ಎಪ್ಪತ್ನಾಲ್ಕು. ಕುಡಿದ ಅಮಲಲ್ಲಿ ಒಬ್ಬನ್ನ ಕೊಂದ. ತಪ್ಪು ಅವನದೇ, ಇಲ್ಲ ಅನ್ನಲ್ಲ. ಈಗ ಅವನಿಗೆ ಅದೂ ನೆನಪಿಲ್ಲ, ನಾನೂ ನೆನಪಿಲ್ಲ. ನನ್ನನ್ನ ಅಮ್ಮ ಅನ್ಕೊಂಡಿದಾನೆ. ಒಬ್ಬೊಬ್ಬನಿಗೆ ಲಕ್ಷದ ಮೂವತ್ಮೂರು ಸಾವಿರ ಖರ್ಚು ಅಂತ ನೀನೇ ಬರೆದಿದ್ದೆ. ಗುಣಿಸಿದೆ. ನಿನ್ನ ನಾಲ್ಕು ಕೋಟಿ ತೀರಾ ಕಮ್ಮಿ ಅನ್ನಿಸ್ತು.”

“ನನ್ನ ಹೆಸರಲ್ಲಿ ಮಾಡಿದ್ರಿ.”

“ನನ್ನ ಕಂಪ್ಯೂಟರಿಂದ ಅಂಕಿ ತಿದ್ದೋಕೆ ಬಿಡಲ್ಲ. ನಿನಗೇನಾಗುತ್ತೆ ಅಂತ ಆಮೇಲೆ ಯೋಚಿಸ್ದೆ. ಮೂರು ದಿನದಿಂದ ನಿದ್ದೆ ಇಲ್ಲ.”

ಕಾಲಿಯಾಗೆ ಸಿಟ್ಟು ಬಂತು. ಅದರ ಬೆನ್ನಿಗೇ ಸುಸ್ತೂ ಬಂತು. “ಇದು ಅಚ್ಚಾಗಿದ್ರೆ ಕೋರ್ಟ್ ಪ್ರಸ್ತಾವನೇ ರದ್ದು ಮಾಡ್ತಿತ್ತು. ಅವನ ಬಾಗಿಲಿಗೆ ನೀವೇ ಬೀಗ ಹಾಕ್ತಿದ್ರಿ.”

ಇಲ್ಡಾ ಮುಖ ಮುಚ್ಚಿಕೊಂಡರು. ಆಮೇಲೆ, ಯಾರಿಗೂ ಅಲ್ಲವೆಂಬಂತೆ ಗೊಣಗಿದರು. “ಏಳೋಕೇ ಆಗದವನು. ಆಸ್ಪತ್ರೆಗೆ ಹಾಕಿದಾಗೆಲ್ಲ ಮಂಚದ ಪಕ್ಕ ಇಬ್ಬರು ಕಾವಲು. ಹಗಲೂ ರಾತ್ರಿ. ಅವನೆಲ್ಲಿಗೆ ಓಡ್ತಾನೆ?”

ಕಾಲಿಯಾ ತಟ್ಟನೆ ತಲೆಯೆತ್ತಿದಳು. “ಏನಂದ್ರಿ? ಇಬ್ಬರಾ?”

* * *

ಆಸ್ಪತ್ರೆ ಕಾವಲಿನ ಹೆಚ್ಚುವರಿ ಸಂಬಳ ಬೇರೊಂದು ಇಲಾಖೆಯ ತಲೆಬರಹದಡಿ ಕೂತಿತ್ತು. ಕಾಲಿಯಾ ಅದನ್ನು ನೋಡಿರಲೇ ಇಲ್ಲ. ಮುದುಕ ಮನೆಗೆ ಹೋದರೆ ನಿಜಕ್ಕೂ ನಿಲ್ಲುವ ಖರ್ಚು ಅದು. ನಾಲ್ಕೂವರೆಗೆ ಅವಳು ಪ್ರೀವಿಟ್‌ನ ಮುಂದೆ ಎರಡು ಹಾಳೆ ಇಟ್ಟಳು.

ಒಂದರಲ್ಲಿ ಇಲ್ಡಾ ತಪ್ಪೊಪ್ಪಿಕೊಂಡು ಬರೆದ ರಾಜೀನಾಮೆ. ಇನ್ನೊಂದರಲ್ಲಿ ಹೊಸ ವಾಕ್ಯ: ಆರು ಕೋಟಿ.

“ಇದೂ ಬದಲಾಯ್ತಾ?”

“ನಾನೂ ತಪ್ಪು ಮಾಡಿದ್ದೆ ಸರ್. ಅದನ್ನ ಹಿಡಿದವರೂ ಅವರೇ.”

ಪ್ರೀವಿಟ್ ಎರಡನ್ನೂ ಎರಡೆರಡು ಸಲ ಓದಿ, ಎರಡಕ್ಕೂ ಸಹಿ ಹಾಕಿದ.

* * *

ನವೆಂಬರಿನಲ್ಲಿ ಪ್ರಸ್ತಾವ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಇಲ್ಡಾಗೆ ದಂಡ ಬಿತ್ತು, ಜೈಲಾಗಲಿಲ್ಲ. ಇಬ್ಬರ ನಡುವೆ ಮಾತು ನಿಂತಿತ್ತು.

ಜನವರಿಯ ಒಂದು ಬೆಳಗ್ಗೆ, ಊರೆಲ್ಲ ಮಂಜಿನೊಳಗೆ ಕರಗಿದ್ದಾಗ, ಕಾಲಿಯಾಳ ಫೋನ್ ಬಡಿದುಕೊಂಡಿತು.

“ಅಣ್ಣನ ಬಿಡುಗಡೆಗೆ ದಿನ ಕೊಟ್ರು,” ಎಂದಿತು ಇಲ್ಡಾರ ದನಿ. “ಫೆಬ್ರವರಿ ಹದಿನೆಂಟು.”

ಕಾಲಿಯಾ ಕಿಟಕಿಯಾಚೆ ನೋಡಿದಳು. ಏನೂ ಕಾಣುತ್ತಿರಲಿಲ್ಲ.

“ಬಾದಾಮಿ ತೋಟಗಳು ಹೂಬಿಟ್ಟಿರುತ್ವೆ ಆಗ,” ಎಂದಳು. “ನಾನು ಕಾರು ತರ್ತೀನಿ. ತೋಟದ ದಾರೀಲೇ ಕರ್ಕೊಂಡು ಬರೋಣ.”