ಗಾರೆ ತುಂಬಿದ ಗೂಡು

ಬ್ಯೂನಸ್ ಐರಿಸ್‌ನ ಕೊರಿಯೆಂಟೆಸ್ ಬೀದಿಯ ನಾಟಕಶಾಲೆಗಳಲ್ಲಿ ನಲವತ್ತು ವರ್ಷ ಬಣ್ಣ ಹಚ್ಚಿದವಳು ನಾನು, ಇದರಲ್ಲಿ ಸುಳ್ಳಿಲ್ಲ. ಒಂದು ಭಾನುವಾರ ಮಧ್ಯಾಹ್ನದ ಆಟದಲ್ಲಿ ಮಾತು ಮರೆತು ನಿಂತೆ. ಕಾಲಬುಡದಿಂದ ಬಿಸಿ ಉಸಿರು, ಯೆರ್ಬಾ ಸೊಪ್ಪಿನ ಚಹಾದ ವಾಸನೆ. ಯಾರೋ ಪಿಸುದನಿಯಲ್ಲಿ ಮಾತು ಎತ್ತಿಕೊಟ್ಟರು. ಆಡಿದೆ, ಚಪ್ಪಾಳೆ ಬಿತ್ತು.

ತೆರೆ ಬಿದ್ದ ಮೇಲೆ ಜೊತೆಯ ನಟ ಎವಾರಿಸ್ತೊನಿಗೆ, "ಮಾನ ಉಳಿಸ್ದೆ ಕಣಯ್ಯಾ" ಅಂದೆ.

"ನಾನೆಲ್ಲಿ? ನಂಗೂ ಮರ್ತುಹೋಗಿತ್ತು ಕಣೇ!"

ಮಾತು ಎತ್ತಿಕೊಡುವವರು ಕೂರುತ್ತಿದ್ದ, ರಂಗದ ನೆಲದಡಿಯ ಗೂಡಿಗೆ ಗಾರೆ ತುಂಬಿ ಮೂವತ್ತು ವರ್ಷವಾಯಿತು.

ಈಗ ಪ್ರತಿ ಭಾನುವಾರ ಆ ಮಾತಿಗೆ ಬಂದಾಗ ಬೇಕೆಂದೇ ತಡೆದು ನಿಲ್ಲುತ್ತೇನೆ. ಮಾತು ಬರುತ್ತದೆ, ಹಿತವಾಗುತ್ತದೆ. ಮೊನ್ನೆ ಮಾತ್ರ ಸಣ್ಣಗೆ ನಗು ಕೇಳಿಸಿತು: "ನಿಂಗೇ ಬರುತ್ತಲ್ಲೇ ಪುಟ್ಟೀ, ನೀನೇ ಹೇಳು."

ನನಗೆ ಅರವತ್ತಾರು. ಪುಟ್ಟಿ ಅನ್ನುವವರು ಯಾರೂ ಉಳಿದಿಲ್ಲ.