ಮೂರನೆಯ ನೃತ್ಯ

ಅಭ್ಯಾಸದ ಕೋಣೆಗೆ ತಾರ್ಮೊ ಕಾಲಿಟ್ಟಾಗ ಹಿಲ್ಕಾಳ ಕೈಯಲ್ಲಿದ್ದ ಚೆಲ್ಲೋ ವಾದ್ಯದ ಕಮಾನು ಜಾರಿ ನೆಲಕ್ಕೆ ಬಿತ್ತು.

ಹತ್ತೊಂಬತ್ತು ವರ್ಷ... ಮರೆತಿದ್ದೇನೆಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಬಂದವಳ ಎದೆ ಒಂದೇ ನೋಟಕ್ಕೆ ಧಸಕ್ಕೆಂದಿತು. ಅವನು ನೆರೆತ ತಲೆ ಬಾಗಿಸಿ ಎಲ್ಲರಿಗೂ ವಂದಿಸಿ, ಮುಂದಿನ ಸಾಲಿನಲ್ಲಿ ಕುಳಿತ.

ಅವಳಿದ್ದ ಕುಓಪಿಯೊ ನಗರದ ವಾದ್ಯವೃಂದ ಅವನ ಹೊಸ ಕೃತಿಯನ್ನು ನುಡಿಸಲಿತ್ತು. ತಂತಿವಾದ್ಯಗಳಿಗಷ್ಟೇ ಬರೆದ ನಾಲ್ಕು ನಿಮಿಷದ ವಾಲ್ಟ್ಜ್, ಮೂರೆಣಿಕೆಯ ತಾಳದ ನೃತ್ಯಸಂಗೀತ. ಹೆಸರು, 'ಮೂರನೆಯ ನೃತ್ಯ'.

ಆ ಹೆಸರು ಕಂಡ ದಿನದಿಂದ ಅವಳಿಗೆ ಅನ್ನ ನೀರು ಸೇರಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಸರೋವರದ ದಡದ ನೃತ್ಯಮಂಟಪದಲ್ಲಿ ಅವನು ಅವಳೊಂದಿಗೆ ಕುಣಿದದ್ದು ಎರಡೇ ಹಾಡಿಗೆ. ಆಮೇಲೆ ಪದ್ಧತಿಯಂತೆ ಬೆಂಚಿನವರೆಗೆ ಬಿಟ್ಟು, ವಂದಿಸಿ ಹೋಗಿದ್ದ. ಅಲ್ಲಿನ ರೂಢಿಯಲ್ಲಿ ಎರಡು ಹಾಡು ಯಾರಿಗಾದರೂ ಸಿಗುತ್ತವೆ. ಮೂರನೆಯದು ಮನಸ್ಸು ಕೊಟ್ಟವರಿಗೆ. ಅದಕ್ಕೆ ಅವನು ಕರೆಯಲೇ ಇಲ್ಲ. ಅಳು ತಡೆಯಲಾರದೆ ಅವಳು ಸಿಕ್ಕಿದ ಬಸ್ಸು ಹತ್ತಿದ್ದಳು. ಮರುವಾರ ಅವನು ಊರು ಬಿಟ್ಟಿದ್ದ.

ಆ ಮೂರನೆಯದನ್ನು ಯಾರ ಜೊತೆ ಕುಣಿದನೋ... ಆ ಪುಣ್ಯವಂತೆಗೆ ಬರೆದದ್ದನ್ನು ನಾನೇ ನುಡಿಸಬೇಕೆ? ಗಾಯದ ಮೇಲೆ ಉಪ್ಪು ಸವರುವುದೆಂದರೆ ಇದೇ.

ಅಭ್ಯಾಸ ಶುರುವಾಯಿತು. ಕೃತಿಯ ಕೊನೆಯಲ್ಲಿ ಒಂದೊಂದೇ ವಾದ್ಯ ಸುಮ್ಮನಾಗಿ ಅವಳ ಚೆಲ್ಲೋ ಒಂಟಿಯಾಗಿ ಉಳಿಯಿತು. ಕಣ್ಣು ಮಂಜಾಗಿ ಅವಳ ಸ್ವರ ತಪ್ಪಿತು. ಎಲ್ಲರೂ ತಿರುಗಿ ನೋಡಿದರು. ತಾರ್ಮೊ ಮಾತ್ರ ಮೆಚ್ಚಿದವನಂತೆ ತಲೆದೂಗುತ್ತಿದ್ದ.

"ಅವ್ನಿಗೆ ಕಿವಿ ಹೋಗಿದೆ ಕಣೇ," ಪಕ್ಕದಲ್ಲಿ ನುಡಿಸುವ ಪಿರ್ಕ್ಕೊ ಪಿಸುಗುಟ್ಟಿದಳು. "ಹೋದ ಚಳಿಗಾಲದಿಂದ ಏನೂ ಕೇಳ್ಸಲ್ವಂತೆ. ಅವ್ನು ಬರೆಯೋದ್ರಲ್ಲಿ ಇದೇ ಕೊನೇದು."

ಕಾಫಿಗೆ ಬಿಟ್ಟಾಗ ಎಲ್ಲರೂ ಹೊರಗೆ ಹೋದರು. ಹಿಲ್ಕಾ ಅವನೆದುರು ನಿಂತು, ಸ್ವರದ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಳು: ಯಾರಿಗಾಗಿ ಬರೆದೆ?

ಅವನು ಓದಿ, ಹಾಳೆಯನ್ನು ತನ್ನ ಮಡಿಲಿಗೆ ಎಳೆದುಕೊಂಡ.

"ಎರಡು ಹಾಡಿಗಿಂತ ಹೆಚ್ಚು ಕುಣಿಯೋಕೆ ಕರೆದ್ರೆ ಮೈಮೇಲೆ ಬಿದ್ದ ಹಾಗಾಗುತ್ತೆ ಅಂತ ನಮ್ಮಪ್ಪ ಹೇಳ್ತಿದ್ದ," ಎಂದ. "ಅದಕ್ಕೇ ಮೂರನೇದಕ್ಕೆ ನಿನ್ನ ಕರೀಲಿಲ್ಲ. ಆಮೇಲೆ ಹೆಂಗಸರೇ ಕರೆಯೋ ಸರದಿ ಬರುತ್ತಲ್ಲ, ಅದಕ್ಕೆ ಅಂತ ಹಚ್ಚೋ ದೀಪ ಹತ್ತೋದನ್ನೇ ಕಾಯ್ತಾ ಕಂಬದ ಹತ್ರ ನಿಂತಿದ್ದೆ. ನೀನು ಬರ್ತೀಯ ಅಂದ್ಕೊಂಡೆ. ಕಾಲು ಗಂಟೆಗೆ ದೀಪ ಹತ್ತಿತು... ನಿನ್ನ ಬೆಂಚು ಖಾಲಿ ಇತ್ತು."

ಇನ್ನು ಕಾಲು ಗಂಟೆ! ಆ ರಾತ್ರಿ ಇನ್ನು ಕಾಲು ಗಂಟೆ ಕಾದಿದ್ದರೆ... ಹಾಳು ಅಭಿಮಾನಕ್ಕೆ ಎರಡು ಬಾಳು ಬಲಿಯಾದವಲ್ಲ!

"ಹಿಲ್ಕಾ, ನೀನು ನುಡಿಸಿದ್ದು ನಂಗೆ ಕೇಳ್ಸಲಿಲ್ಲ," ಎಂದ ಅವನು. "ಹೇಗಿತ್ತು?"

ಅದಕ್ಕೇನು ಬರೆಯಲಿ? ಅವಳು ಪೆನ್ಸಿಲ್ ಕೆಳಗಿಟ್ಟಳು. ಕೈ ಮುಂದೆ ಚಾಚಿ, ತುಟಿ ನೋಡಿ ತಿಳಿಯಲೆಂದು ನಿಧಾನವಾಗಿ ಹೇಳಿದಳು:

"ಈಗ ಹೆಂಗಸರ ಸರದಿ."

ಅವನ ಕಣ್ಣು ತುಂಬಿತು. "ತಾಳ ಗೊತ್ತಾಗಲ್ಲ ಕಣೇ ನಂಗೆ."

ಅವಳು ಅವನ ಬೆನ್ನ ಮೇಲೆ ಕೈಯಿಟ್ಟು ಬೆರಳಿಂದ ಮೆಲ್ಲಗೆ ತಟ್ಟಿದಳು. ಒಂದು, ಎರಡು, ಮೂರು.

"ಗೊತ್ತಾಯ್ತು," ಎಂದ ತಾರ್ಮೊ.