ಮೊದಲು ಉಳಿಸಿದ ಸೆರಗು

"ಕೈ ತೆಗೀರಿ! ಕಂಪ್ಯೂಟರ್ ಮೇಲಿಂದ ಕೈ ತೆಗೀರಿ ಅಂದೆ!"

ಕೀರ್ತನಳ ಕೂಗಿಗೆ ರಿಪೇರಿಗೆ ಬಂದಿದ್ದ ವೇಣುಗೋಪಾಲ್ ಬೆಚ್ಚಿ ಎರಡೂ ಕೈ ಎತ್ತಿದ. ಆದರೂ ಪರದೆಯ ಮೇಲೆ ಫೈಲುಗಳ ಹೆಸರುಗಳು ತಾವಾಗಿಯೇ ಓಡುತ್ತಿದ್ದವು!

ಎಲ್ಲವೂ ಅವಳ ಸೀರೆ ಡಿಸೈನುಗಳು. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಚಿನ್ನ ಕದ್ದವನನ್ನಾದರೂ ಕ್ಷಮಿಸಿಯಾರು, ಡಿಸೈನ್ ಕದ್ದವನನ್ನಲ್ಲ. ಮೊದಲ ಸೀರೆ ಮಗ್ಗದಿಂದ ಇಳಿಯುವವರೆಗೆ ಕೀರ್ತನ ತನ್ನ ಸೆರಗಿನ ಡಿಸೈನನ್ನು ಹೆತ್ತ ತಾಯಿಗೂ ತೋರಿಸುವವಳಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಕಣ್ಣು ಸೋಲುವಂತೆ ಕೂತು ಬರೆದ ಹೊಸ ಸೆರಗೂ ಅದರಲ್ಲಿತ್ತು. ಅದು ಕೈತಪ್ಪಿದರೆ ಅವಳ ಪುಟ್ಟ ಅಂಗಡಿಗೆ ಬೀಗವೇ ಗತಿ.

"ಯಾರಿಗ್ ಕಳಿಸ್ತಿದೀರಾ?"

"ಯಾರ್ಗೂ ಇಲ್ಲ ಮೇಡಂ... ಹಳೇ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆ, ಇವತ್ತೋ ನಾಳೆಯೋ ಹೋಗುತ್ತೆ. ಹೊಸಾದಕ್ಕೆ ಕಾಪಿ ಮಾಡ್ತಿದೀನಿ."

"ಕೀಬೋರ್ಡೇ ಮುಟ್ತಿಲ್ಲ ನೀವು!"

"ಲಿನಕ್ಸಲ್ಲಿ ಒಂದ್ ಸಣ್ಣ ಸ್ಕ್ರಿಪ್ಟ್ ಬರ್ದಿದೀನಿ, ಕಂಪ್ಯೂಟರ್‌ಗೆ ಕೊಡೋ ಆರ್ಡರ್ ಪಟ್ಟಿ ಅದು. ಒಂದೊಂದೇ ಫೈಲ್ ಅದೇ ಎತ್ಕೊಂಡ್ ಹೋಗುತ್ತೆ."

ಅದೇ ಎತ್ತಿಕೊಂಡು ಹೋಗುತ್ತಂತೆ! ಎಷ್ಟು ಧೈರ್ಯ!

ಬೆಳಿಗ್ಗೆ ಇವನು ನಗುತ್ತಾ ಕಾಂತರಾಜು ಅಂಗಡಿಯಿಂದ ಬಂದದ್ದನ್ನು ಅವಳು ಕಂಡಿದ್ದಳು. ಹೋದ ವರ್ಷ ಅವಳ ಬಾರ್ಡರನ್ನೇ ಬಣ್ಣ ಬದಲಿಸಿ ಮಾರಿದ ಮಹಾನುಭಾವ ಆ ಕಾಂತರಾಜು.

'ಇವನು ಬರ್ತಾನೆ ಅಂತ ಕನ್ನಡಿ ಮುಂದೆ ನಿಲ್ತಿದ್ದೆನಲ್ಲಾ... ಥೂ, ನನ್ನ ಬುದ್ಧಿಗಿಷ್ಟು!'

ಸಿಟ್ಟು ನೆತ್ತಿಗೇರಿತು. ಅವಳು ಕರೆಂಟಿನ ವೈರನ್ನೇ ಕಿತ್ತಳು.

"ಅಯ್ಯೋ! ಏನ್ ಮಾಡ್ಬಿಟ್ರಿ!"

ವೇಣು ಮತ್ತೆ ವೈರ್ ಸಿಕ್ಕಿಸಿ ಎಷ್ಟು ಪ್ರಯತ್ನಿಸಿದರೂ ಹಳೆಯ ಡಿಸ್ಕ್ ಏಳಲಿಲ್ಲ. ಅವನು ಬೈಯಲಿಲ್ಲ. ತನ್ನ ಬ್ಯಾಗನ್ನು ಮೇಜಿನ ಮೇಲೆ ಸುರಿದ. ಸ್ಕ್ರೂಡ್ರೈವರ್, ಒಂದಿಷ್ಟು ಕೇಬಲ್, ಊಟದ ಡಬ್ಬಿ.

"ನೋಡ್ಕೊಳಿ. ನಾನೇನೂ ತಗೊಂಡ್ ಹೋಗ್ತಿಲ್ಲ."

ಆಮೇಲೆ ಹೊಸ ಡಿಸ್ಕಿನಿಂದ ಒಂದು ಫೈಲ್ ತೆರೆದ. ಅವಳ ಹಬ್ಬದ ಸೆರಗು! ಒಂದು ಎಳೆಯೂ ಕೆಟ್ಟಿರಲಿಲ್ಲ.

"ಇದ್ ಹೆಂಗೆ...? ಅರ್ಧಕ್ಕೇ ಕಿತ್ಬಿಟ್ನಲ್ಲಾ!"

"ಹೊಸ ಫೈಲ್ ಮೊದ್ಲು, ಹಳೇವು ಆಮೇಲೆ ಅಂತ ಬರ್ದಿದ್ದೆ. ಯಾವಾಗ್ ಬಂದ್ರೂ ಊಟ ಬಿಟ್ಟು ಇದರ ಮುಂದೆ ಕೂತಿರ್ತಿದ್ರಿ. ಡಿಸ್ಕ್ ಮಧ್ಯ ಸತ್ರೂ ಇದೊಂದ್ ಉಳೀಲಿ ಅಂತ... ಹಳೇವು ತುಂಬಾ ಹೋಗಿವೆ ಮೇಡಂ."

ಕಣ್ಣು ತುಂಬಿದರೂ ಅನುಮಾನದ ಹುಳ ಸುಮ್ಮನಿರಬೇಕಲ್ಲ!

"ಮತ್ತೆ ಕಾಂತರಾಜು ಅಂಗ್ಡೀಲೇನ್ ಕೆಲ್ಸ?"

"ನಿಮ್ ಸೆರಗು ತಂದ್ಕೊಡು ಅಂದ್ರು. ಇನ್ಮೇಲೆ ಅವ್ರ ಅಂಗ್ಡಿ ರಿಪೇರಿ ಕೆಲ್ಸ ಮಾಡಲ್ಲ ಅಂತ ಹೇಳ್ಬಂದೆ."

"ನಗ್ತಿದ್ರಲ್ಲಾ?"

"ಈ ಅಂಗ್ಡಿಗ್ ಬರೋ ದಿನ ನಾನು ಎಲ್ಲಾರ್ನೂ ನೋಡಿ ನಗ್ತೀನಿ."

ಅವಳ ತಲೆ ತಾನಾಗಿಯೇ ತಗ್ಗಿತು. ಇಂಥವನನ್ನು ಕಳ್ಳನೆಂದುಕೊಂಡೆನಲ್ಲಾ!

"ವೇಣು... ತಪ್ಪಾಯ್ತು. ಇನ್ನೊಂದ್ ನಿಜ ಹೇಳ್ಲಾ? ಪ್ರಿಂಟರ್ ಕೆಟ್ಟಿದೆ ಅಂತ ಪದೇ ಪದೇ ಕರೆಸ್ತಿದ್ನಲ್ಲಾ... ಅದು ಕೆಟ್ಟೇ ಇರ್ಲಿಲ್ಲ."

"ಗೊತ್ತು."

"ಗೊತ್ತಿದ್ದೂ ಬರ್ತಿದ್ರಾ?!"

"ಗೊತ್ತಾದ್ಮೇಲೇ ಓಡೋಡಿ ಬರೋಕ್ ಶುರು ಮಾಡಿದ್ದು, ಕೀರ್ತನಾ..."